ಅಟ್ಟ ಹತ್ತಿದ್ದು ಇಳಿಯುವುದು ಹೇಗೆ?

ರವಿಕೆ ಕಣಕ್ಕಿರುವಷ್ಟು ಓಡಾಟ ನಮ್ಮ ಮನೆಗಳ ಬೇರೆ ಯಾವ ಸಾಮಾನಿಗೂ ಇಲ್ಲ. ಶ್ರಾವಣದ ಶುಕ್ರವಾರ ಅರಿಶಿನ-ಕುಂಕುಮಕ್ಕೆ ಹೋದವರ ಮಡಿಲಿಗೆ ಎಲೆ ಅಡಿಕೆ, ಬಾಳೆಹಣ್ಣು, ತೆಂಗಿನಕಾಯಿಯ ಜೊತೆ ಬೀಳುವ ಅದು ಮನೆಗೆ ಬಂದು ಬೀರುವಿನ ಕೆಳಗಿನ ಅರೆ ಸೇರುತ್ತದೆ. ನವರಾತ್ರಿ ಬಂತೆಂದರೆ ಅಲ್ಲಿಂದೆದ್ದು ಇನ್ನೊಬ್ಬರ ಮಡಿಲಿಗೆ ಹೊರಡುತ್ತದೆ. ಹೊಲಿಸಿಕೊಂಡು ತೊಟ್ಟವರು ಅಪರೂಪ. ಸೀರೆಗೆ ಬಣ್ಣ ಹೊಂದುವುದಿಲ್ಲ, ಹೊಂದಿದರೆ ಬಟ್ಟೆ ಸಾಲುವುದಿಲ್ಲ. ನಾಲ್ಕಾರು ಮನೆ ಸುತ್ತಿ ಮೊದಲು ಕೊಟ್ಟವರ ಕೈಗೇ ಮರಳಿ ಬಂದ ಕಣದ ಕಥೆ ಯಾವ ಬಡಾವಣೆಯಲ್ಲಿ ಕೇಳಿದರೂ ಸಿಗುತ್ತದೆ. ಕಥೆ ಹೇಳಿ ನಗುವವರು ಗಮನಿಸದ ಸಂಗತಿಯೊಂದಿದೆ: ಮನೆಯೊಳಗೆ ಕೂಡಿಬಿದ್ದ ಸಾಮಾನಿನಲ್ಲಿ ಬಂದ ದಾರಿಯಲ್ಲೇ ಹೊರಗೆ ಹೋಗಬಲ್ಲದ್ದು ಅದೊಂದೇ. ಮಿಕ್ಕವು ಬರುತ್ತವೆ, ಕೂರುತ್ತವೆ.

ಎಲ್ಲಿ ಕೂರುತ್ತವೆ ಎಂದು ತಿಳಿಯಬೇಕಾದರೆ ಯುಗಾದಿಗೋ ದೀಪಾವಳಿಗೋ ಮುಂಚಿನ ಭಾನುವಾರ ಯಾರಾದರೂ ಸ್ಟೂಲ್ ಹತ್ತಿ ಲಾಫ್ಟಿಗೆ ಕೈ ಹಾಕಬೇಕು. ಮಿಕ್ಸಿ ಬಂದಿದ್ದ ರಟ್ಟಿನ ಡಬ್ಬ. ಮಿಕ್ಸಿ ಕೆಟ್ಟು ಹೋಗಿ ವರ್ಷಗಳಾಗಿವೆ, ಡಬ್ಬ ಮಾತ್ರ ಇದೆ. ಹಿಡಿ ಮುರಿದ ಕುಕ್ಕರ್. ಚಕ್ರ ಕಳೆದುಕೊಂಡ ಸೂಟ್‌ಕೇಸು, ಅದರೊಳಗೆ ಇನ್ನೊಂದು ಸಣ್ಣ ಸೂಟ್‌ಕೇಸು, ಅದರೊಳಗೆ ಈಗ ಕಾಲೇಜಿಗೆ ಹೋಗುತ್ತಿರುವ ಮಗನ ಪುಟ್ಟ ಸ್ವೆಟರು. ಗೃಹಪ್ರವೇಶಕ್ಕೆ ಬಂದ, ಕೊಟ್ಟವರ ಹೆಸರು ಕೆತ್ತಿರುವ ಸ್ಟೀಲ್ ಡಬರಿಗಳು. ಗೌರಿ ಹಬ್ಬದ ಬಾಗಿನದ ಮೊರಗಳು ಒಂದರೊಳಗೊಂದು. ಹೋಟೆಲಿನಿಂದ ಸಾಂಬಾರು ಬಂದ ಪ್ಲಾಸ್ಟಿಕ್ ಡಬ್ಬಗಳಂತೂ ಲೆಕ್ಕವಿಲ್ಲ, ಒಂದಕ್ಕೂ ಅದರ ಮುಚ್ಚಳ ಸಿಗುವುದಿಲ್ಲ.

"ಅತ್ತೆ, ಈ ಕೊಳಗ ಯಾರದ್ದು?"

"ನಮ್ಮ ಸೋದರಮಾವ ಮದುವೇಲಿ ಕೊಟ್ಟಿದ್ದಮ್ಮ. ಇರಲಿ ಬಿಡು, ಯಾವತ್ತಾದರೂ ಬೇಕಾಗುತ್ತೆ."

"ಈ ವೈರುಗಳು?"

"ಅದು ನಿನ್ನ ಗಂಡನದ್ದೇ ಇರಬೇಕು, ಅವನನ್ನೇ ಕೇಳು."

ಗಂಡನಿಗೆ ಆ ಹೊತ್ತಿಗೆ ಸರಿಯಾಗಿ ಯಾವುದೋ ಫೋನು ಬಂದಿರುತ್ತದೆ. ಮಧ್ಯಾಹ್ನದ ಊಟದ ವೇಳೆಗೆ ಎಲ್ಲವೂ ಒರೆಸಿಕೊಂಡು ಇದ್ದಲ್ಲಿಗೇ ಹೋಗಿ ಕೂರುತ್ತವೆ. ನಡೆದದ್ದು ಧೂಳು ಹೊಡೆಯುವ ಕೆಲಸವೇ ಹೊರತು ಸಾಮಾನು ಕಡಿಮೆ ಮಾಡುವ ಕೆಲಸವಲ್ಲ.

ಹಿಂದಿನವರ ಮನೆಗಳಲ್ಲೂ ಸಾಮಾನು ತುಂಬಿತ್ತು. ಮಲೆನಾಡಿನ ಮನೆಯಲ್ಲಿ ಒಲೆಯ ಹೊಗೆ ತಾಗುವ ಅಟ್ಟವಿತ್ತು, ಹಳೇ ಮೈಸೂರು ಕಡೆ ಸೂರಿನ ಹತ್ತಿರ ನಾಗಂದಿಗೆ, ತುಳುನಾಡಿನಲ್ಲಿ ಪತ್ತಾಯ, ಬಯಲುಸೀಮೆಯಲ್ಲಿ ಕಣಜ. ಆದರೆ ಅಲ್ಲಿ ಇಟ್ಟದ್ದು ಬಹುಪಾಲು ಕಾಳುಕಡ್ಡಿ, ಬಿತ್ತನೆ ಬೀಜ, ಹಪ್ಪಳ, ಹುಣಸೆಹಣ್ಣು. ಸುಗ್ಗಿಗೆ ತುಂಬುವುದು, ಮಳೆಗಾಲದ ಹೊತ್ತಿಗೆ ತಳ ಕಾಣುವುದು. ವರ್ಷಕ್ಕೊಮ್ಮೆ ತಾನಾಗಿ ಖಾಲಿಯಾಗುವ ಅಟ್ಟವನ್ನು ಯಾರೂ ಖಾಲಿ ಮಾಡಬೇಕಾಗಿರಲಿಲ್ಲ.

ಬಟ್ಟೆಗೂ ಹೀಗೆ ಒಂದು ಇಳಿದಾರಿ ಇತ್ತು. ನೂಲಿನ ಸೀರೆ ಸವೆದು ಮೆತ್ತಗಾದರೆ ಬಾಣಂತಿ ಕೋಣೆಗೆ ಹೋಗಿ ತೊಟ್ಟಿಲ ಹಾಸು, ಕೂಸಿನ ಲಂಗೋಟಿ ಆಗುತ್ತಿತ್ತು. ಅಲ್ಲಿಂದ ಅಡುಗೆಮನೆಗೆ ಮಸಿಬಟ್ಟೆ, ಕೊನೆಗೆ ದೀಪದ ಬತ್ತಿ. ಉತ್ತರ ಕರ್ನಾಟಕದಲ್ಲಿ ಅದೇ ಸೀರೆ, ಧೋತರಗಳು ಪದರು ಪದರಾಗಿ ಕೌದಿಯಾಗುತ್ತಿದ್ದವು, ಈಗಲೂ ಕೆಲವು ಕಡೆ ಆಗುತ್ತಿವೆ. ಹಳಿಯಾಳ, ಯಲ್ಲಾಪುರ, ಮುಂಡಗೋಡ ಭಾಗದ ಸಿದ್ದಿ ಹೆಂಗಸರು ಹೊಲಿಯುವ ಕೌದಿ ಈಗ ದೇಶವಿದೇಶಗಳ ಪ್ರದರ್ಶನಗಳಿಗೂ ಹೋಗಿದೆ. ಅವರದ್ದು ಅಂಚಿನಿಂದ ಶುರುವಾಗುವ ಹೊಲಿಗೆ: ಹೊರಗಿನ ಸುತ್ತು ಮುಗಿಸಿ, ಒಳಗೆ ಒಳಗೆ ಸುತ್ತುತ್ತ, ಕೈಗೆ ಸಿಕ್ಕ ತುಂಡುಗಳನ್ನು ಕೂಡಿಸಿಕೊಂಡು ನಡುಮಧ್ಯಕ್ಕೆ ಬಂದು ನಿಲ್ಲುತ್ತಾರೆ. ನಾಲ್ಕು ಮೂಲೆಗೆ ಮಡಿಸಿದ ಮುಕ್ಕೋನದ ಬಟ್ಟೆ ಕೂರಿಸುತ್ತಾರೆ, ಅದಕ್ಕೆ ಫೂಲ ಎಂದು ಹೆಸರು. ಯಾವ ಚೂರೂ ಕೆಲಸಕ್ಕೆ ಬಾರದ್ದಲ್ಲ.

ಈಗಿನ ಬೀರುವಿನಲ್ಲಿರುವ ಪಾಲಿಯೆಸ್ಟರ್ ಸೀರೆಯನ್ನು ಈ ದಾರಿಯಲ್ಲಿ ಕಳಿಸಿ ನೋಡಲಿ. ನೀರು ಹೀರದು, ಹಾಗಾಗಿ ಮಸಿಬಟ್ಟೆಗೆ ಬೇಡ. ಮಗುವಿಗೆ ಸೆಕೆ. ಬೆಂಕಿಗೆ ಹಿಡಿದರೆ ಕರಗಿ ಅಂಟುತ್ತದೆ, ಬತ್ತಿಯಂತೂ ಆಗದು. ಹರಿಯುವುದೂ ಇಲ್ಲ, ಬಣ್ಣ ಹೋಗುವುದೂ ಇಲ್ಲ. ಪಾತ್ರೆಯದ್ದೂ ಇದೇ ಕಥೆ. ಹಿತ್ತಾಳೆ, ತಾಮ್ರ ಒಡೆದರೂ ತೂಕಕ್ಕೆ ಬೆಲೆ ಇತ್ತು. ಹಳೆಯದನ್ನು ಕೊಟ್ಟು ಮೇಲಿಷ್ಟು ದುಡ್ಡು ಸೇರಿಸಿ ಹೊಸದು ತರುತ್ತಿದ್ದರು. ನೀರು ತಾಗಿ ಉಬ್ಬಿದ ಪಾರ್ಟಿಕಲ್ ಬೋರ್ಡಿನ ಶೂ ರ‍್ಯಾಕನ್ನು ಗುಜರಿಯವನು ಬಿಟ್ಟಿ ಕೊಟ್ಟರೂ ಒಯ್ಯುವುದಿಲ್ಲ. ಥರ್ಮಾಕೋಲ್ ಯಾರಿಗೂ ಬೇಡ. ಜನರ ಕೊಳ್ಳುಬಾಕತನದಿಂದಲೇ ಮನೆ ತುಂಬಿತು ಎನ್ನುವುದು ಸುಲಭದ ಬೈಗುಳ, ಅರ್ಧ ನಿಜ. ಮುಂಬಾಗಿಲು ಅಗಲವಾದದ್ದು ಹೌದು. ಹಿತ್ತಿಲ ಬಾಗಿಲು ಮುಚ್ಚಿಕೊಂಡದ್ದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಂಡಿಲ್ಲ.

ಈ ರಾಶಿಯನ್ನು ವಿದ್ವಾಂಸರು ಎಣಿಸಿಯೂ ನೋಡಿದ್ದಾರೆ. ಅಮೆರಿಕದ ಲಾಸ್ ಏಂಜಲೀಸಿನಲ್ಲಿ 2001ರಿಂದ 2005ರವರೆಗೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ತಂಡವೊಂದು 32 ಮಧ್ಯಮ ವರ್ಗದ ಕುಟುಂಬಗಳ ಮನೆ ಹೊಕ್ಕು, ಹಳೆಯ ನಾಗರಿಕತೆಯೊಂದರ ನಿವೇಶನವನ್ನು ಅಗೆದು ನೋಡುವ ಶ್ರದ್ಧೆಯಿಂದ ಕಣ್ಣಿಗೆ ಕಂಡ ಸಾಮಾನನ್ನೆಲ್ಲ ದಾಖಲಿಸಿತು. ನಾಲ್ಕರಲ್ಲಿ ಮೂರು ಗ್ಯಾರೇಜುಗಳಲ್ಲಿ ಕಾರು ನಿಲ್ಲಿಸಲು ಜಾಗವಿರಲಿಲ್ಲ. ಫ್ರಿಜ್ಜಿನ ಮೈಮೇಲೆ ಅಂಟಿಸಿದ ಚೀಟಿ, ಚಿತ್ರ, ಅಯಸ್ಕಾಂತಗಳೇ ಸರಾಸರಿ 52. ಫ್ರಿಜ್ಜಿನ ಮೇಲೆ ಹೆಚ್ಚು ಅಂಟಿಸಿದವರ ಮನೆಯೊಳಗೂ ಸಾಮಾನು ಹೆಚ್ಚು. ಈ ಕುಟುಂಬಗಳ ಪೈಕಿ 30 ದಂಪತಿಗಳ ಕುರಿತ ಅಧ್ಯಯನ 2010ರಲ್ಲಿ ಪ್ರಕಟವಾಯಿತು. ತಮ್ಮ ಮನೆಯನ್ನು ತೋರಿಸುತ್ತ ಅಸ್ತವ್ಯಸ್ತ, ಮುಗಿಯದ ಕೆಲಸ ಎಂಬರ್ಥದ ಮಾತನ್ನೇ ಹೆಚ್ಚು ಆಡಿದ ಹೆಂಡಂದಿರ ದೇಹದಲ್ಲಿ, ಸಂಜೆಯ ಹೊತ್ತಿಗೆ ಇಳಿಯಬೇಕಾದ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನು ಇಳಿಯಬೇಕಾದಷ್ಟು ಇಳಿದಿರಲಿಲ್ಲ. ಗಂಡಂದಿರಲ್ಲಿ ಆ ನಂಟು ಅಷ್ಟು ಸ್ಪಷ್ಟವಾಗಿ ಕಾಣಲಿಲ್ಲವಂತೆ. ಯಾಕಿರಬಹುದು ಎಂದು ಕೇಳಿದರೆ ನಮ್ಮ ಗೃಹಿಣಿಯರಿಗೆ ಉತ್ತರ ಹೇಳಲು ಸಂಶೋಧನೆ ಬೇಕಾಗಲಾರದು.

ಸಾಮಾನು ಬಿಡಲಾಗದ್ದಕ್ಕೆ ಮನಸ್ಸಿನ ಲೆಕ್ಕವೂ ಒಂದಿದೆ. ಡೇನಿಯಲ್ ಕಾನಮನ್, ಜ್ಯಾಕ್ ನೆಚ್ ಮತ್ತು ರಿಚರ್ಡ್ ಥೇಲರ್ 1990ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಅರ್ಧ ವಿದ್ಯಾರ್ಥಿಗಳಿಗೆ ಒಂದೊಂದು ಕಾಫಿ ಮಗ್ ಕೊಟ್ಟು, ಎಷ್ಟಕ್ಕೆ ಮಾರುತ್ತೀರಿ ಎಂದು ಕೇಳಲಾಯಿತು. ಉಳಿದವರಿಗೆ ಎಷ್ಟಕ್ಕೆ ಕೊಳ್ಳುತ್ತೀರಿ ಎಂದು. ಕೈಯಲ್ಲಿ ಮಗ್ ಇದ್ದವರು ಇಲ್ಲದವರಿಗಿಂತ ಸುಮಾರು ಎರಡರಷ್ಟು ಬೆಲೆ ಹೇಳಿದರು. ಆಗಷ್ಟೇ ಸಿಕ್ಕ ಮಗ್ಗಿಗೇ ಹೀಗೆ. ಸೋದರಮಾವ ಕೊಟ್ಟ ಕೊಳಗಕ್ಕೆ ಬೆಲೆ ಕಟ್ಟುವುದು ಯಾರಿಂದ ಸಾಧ್ಯ?

ಇಲ್ಲೇ ಜಪಾನಿನ ಮಾರಿ ಕೊಂಡೊ ಅವರ ಜಗತ್ಪ್ರಸಿದ್ಧ ವಿಧಾನ ನಮ್ಮ ಮನೆಗಳಲ್ಲಿ ತೊಡರುವುದು. 2014ರಲ್ಲಿ ಇಂಗ್ಲಿಷಿಗೆ ಬಂದ ಅವರ ಪುಸ್ತಕ, 2019ರ ನೆಟ್‌ಫ್ಲಿಕ್ಸ್ ಸರಣಿ ಎರಡೂ ಹೇಳಿದ್ದು: ಒಂದೊಂದೇ ವಸ್ತುವನ್ನು ಕೈಗೆತ್ತಿಕೊಳ್ಳಿ, ಮನಸ್ಸು ಅರಳಿದರೆ ಇಟ್ಟುಕೊಳ್ಳಿ, ಇಲ್ಲವಾದರೆ ಧನ್ಯವಾದ ಹೇಳಿ ಕಳಿಸಿಕೊಡಿ. ಮೊದಲು ಬಟ್ಟೆ, ಆಮೇಲೆ ಪುಸ್ತಕ, ಕಾಗದಪತ್ರ, ಇತರ ಸಾಮಾನು, ನೆನಪಿನ ವಸ್ತುಗಳು ಕೊನೆಗೆ. ಈ ಅನುಕ್ರಮ ಬಹಳ ಜಾಣತನದ್ದು. ಕೋಣೆ ಕೋಣೆ ಹಿಡಿದು ಹೊರಟರೆ ಅದೇ ಟಾರ್ಚು ಮೂರು ಕೋಣೆಯಲ್ಲಿ ಸಿಗುತ್ತದೆ; ಬಗೆ ಬಗೆಯಾಗಿ ಒಂದೆಡೆ ಗುಡ್ಡೆ ಹಾಕಿದಾಗಲೇ ಮನೆಯಲ್ಲಿ ಎಷ್ಟು ಕತ್ತರಿ, ಎಷ್ಟು ಛತ್ರಿ ಇವೆ ಎಂದು ಗೊತ್ತಾಗುವುದು. ಆದರೆ ಮನಸ್ಸು ಅರಳಿತೇ ಎಂಬ ಪ್ರಶ್ನೆ ಒಂಟಿ ಮನುಷ್ಯನನ್ನು ಕುರಿತದ್ದು. ಮೂರು ತಲೆಮಾರು ಒಂದೇ ಸೂರಿನಡಿ ಇರುವಲ್ಲಿ ಯಾರ ಮನಸ್ಸು ಅರಳಬೇಕು? ಇನ್ನೊಬ್ಬರ ವಸ್ತುವಿಗೆ ಕೈ ಹಾಕಬೇಡಿ ಎಂದು ಕೊಂಡೊ ಅವರೇ ಹೇಳಿದ್ದಾರೆ. ಮೂರನೇ ಮಗು ಹುಟ್ಟಿದ ಮೇಲೆ ತಮ್ಮ ಮನೆಯ ಅಚ್ಚುಕಟ್ಟಿನ ಹಟವನ್ನು ಒಂದಿಷ್ಟು ಸಡಿಲ ಬಿಟ್ಟಿರುವುದಾಗಿ 2023ರಲ್ಲಿ ಅವರು ಹೇಳಿಕೊಂಡಾಗ, ಜಗತ್ತಿನ ತಾಯಂದಿರು ಸಮಾಧಾನದ ಉಸಿರು ಬಿಟ್ಟರು.

ಹಾಗಿದ್ದರೆ ಮಾದರಿ ಎಲ್ಲಿ ಹುಡುಕುವುದು? ಅದೇ ಲಾಫ್ಟಿನಲ್ಲಿ, ಮೂಲೆಯಲ್ಲಿ: ನವರಾತ್ರಿ ಗೊಂಬೆಗಳ ಟ್ರಂಕು. ಮೈಸೂರು ಸೀಮೆಯ ಎಷ್ಟೋ ಮನೆಗಳಲ್ಲಿ ಅತ್ಯಂತ ಅಚ್ಚುಕಟ್ಟಾಗಿ ಜೋಡಿಸಿಟ್ಟ ಸಾಮಾನು ಅದೊಂದೇ. ವಿಜಯದಶಮಿಯ ರಾತ್ರಿ ಪಟ್ಟದ ಗೊಂಬೆಗಳನ್ನು ಮಲಗಿಸಿ, ಮಾರನೆಯ ದಿನ ಎಲ್ಲವನ್ನೂ ಒಳಗಿಡುವಾಗ ನೋಡಬೇಕು. ಭಾರದ ಮಣ್ಣಿನ ಗೊಂಬೆಗಳು ತಳಕ್ಕೆ, ಒಂದೊಂದಕ್ಕೂ ಹಳೆಯ ಪಂಚೆಯ ತುಂಡು ಸುತ್ತಿ. ಚನ್ನಪಟ್ಟಣದ ಮರದವು ನಡುವೆ. ಶೆಟ್ಟಿ-ಶೆಟ್ಟಿತಿ ಜೋಡಿಯಾಗಿಯೇ, ದಶಾವತಾರದ ಸೆಟ್ಟು ಒಂದೇ ಡಬ್ಬದಲ್ಲಿ. ಪಟ್ಟದ ಗೊಂಬೆ ಎಲ್ಲಕ್ಕಿಂತ ಮೇಲೆ, ಮುಂದಿನ ವರ್ಷ ಮೊದಲು ಬೇಕಾಗುವುದು ಅದೇ. ಮೂಲೆಗೊಂದಿಷ್ಟು ಒಣಗಿದ ಬೇವಿನ ಸೊಪ್ಪು. ಮೂಗು ಚಕ್ಕೆ ಎದ್ದ ಗೊಂಬೆಯನ್ನು ಇಡಬೇಕೋ ಬೇಡವೋ ಎಂಬ ತೀರ್ಮಾನ ಎಲ್ಲರೂ ಸುತ್ತ ಕೂತಿರುವಾಗ ಅಲ್ಲೇ ಆಗುತ್ತದೆ. ಗಟ್ಟಿ ಪೆಟ್ಟಿಗೆ ಕೊಂಡದ್ದರಿಂದ ಈ ಶಿಸ್ತು ಬಂದದ್ದಲ್ಲ. ವರ್ಷಕ್ಕೊಮ್ಮೆ ನಿಗದಿಯಾದ ದಿನ ಅದನ್ನು ತೆರೆಯುತ್ತಾರೆ, ಮುಚ್ಚುತ್ತಾರೆ, ಎಲ್ಲರ ಕೈಯೂ ತಾಗುತ್ತದೆ. ಅಂಗಡಿಗೆ ಓಡಿ ಬಣ್ಣಬಣ್ಣದ ಬುಟ್ಟಿ, ಡಬ್ಬಗಳನ್ನು ತಂದು ಮನೆ ಸರಿಮಾಡಲು ಹೊರಡುವವರು ಹೊಸ ಸಾಮಾನಿನಿಂದಲೇ ಶುರು ಮಾಡುತ್ತಾರೆ ಎನ್ನುವುದನ್ನು ಇಲ್ಲಿ ಹೇಳಿಬಿಡಬೇಕು.

ಇದೇ ಪದ್ಧತಿಯನ್ನು ಬೇರೆ ಪೆಟ್ಟಿಗೆಗಳಿಗೂ ಹಚ್ಚಬಹುದು. ಮೇಲೆ ಹೋಗುವ ಪ್ರತಿ ಡಬ್ಬಕ್ಕೂ ಒಳಗೇನಿದೆ, ಯಾರದ್ದು, ಯಾವ ತಿಂಗಳು ಇಟ್ಟದ್ದು ಎಂದು ದಪ್ಪ ಪೆನ್ನಿನಲ್ಲಿ ಬರೆದು ಅಂಟಿಸಬೇಕು. ಎರಡು ನವರಾತ್ರಿಗಳ ನಡುವೆ ಒಮ್ಮೆಯೂ ತೆರೆಯದ ಡಬ್ಬವನ್ನು ಮುಂದಿನ ಬಾರಿ ಮೊದಲು ಕೆಳಗಿಳಿಸಬೇಕು. ಕೆಲಸ ಯಾರದೂ ಅಲ್ಲದ, ಯಾರಿಗೂ ನೋವಾಗದ ಸಾಮಾನಿನಿಂದ ಶುರುವಾಗಲಿ: ಅವಧಿ ಮುಗಿದ ಮಾತ್ರೆ, ಮುಚ್ಚಳವಿಲ್ಲದ ಡಬ್ಬ, ಯಾವ ಫೋನಿನದೆಂದೂ ತಿಳಿಯದ ಚಾರ್ಜರು. ಆಮೇಲೆ ತಂತಮ್ಮ ಬೀರು. ಸೊಸೆ ಅತ್ತೆಯ ಟ್ರಂಕಿಗೂ, ಅಪ್ಪ ಮಗಳ ಪುಸ್ತಕದ ಶೆಲ್ಫಿಗೂ ಕೈ ಹಾಕುವ ಮಾತೇ ಬೇಡ, ಜಗಳವಾಗುವುದು ಅಲ್ಲಿಯೇ. ಅಡುಗೆಮನೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹೊಸ ರವೆಯನ್ನು ಹಳೆಯದರ ಮೇಲೆ ಸುರಿಯದಿದ್ದರೆ ಅರ್ಧ ತೊಂದರೆ ತಪ್ಪುತ್ತದೆ, ಹುಳು ಬೀಳುವುದೂ ಕಡಿಮೆಯಾಗುತ್ತದೆ.

ಜಾಗಕ್ಕೂ ಬೆಲೆಯಿದೆ ಎಂದು ಮನೆಯ ಹಿರಿಯರಿಗೆ ಒಪ್ಪಿಸಬೇಕಾದವರು ಹೀಗೊಂದು ಲೆಕ್ಕ ಹಾಕಬಹುದು. ಆರು ಅಡಿಗೆ ಐದಡಿಯ ಸ್ಟೋರ್ ರೂಮು ಎಂದರೆ 30 ಚದರಡಿ. ಚದರಡಿಗೆ 6,000 ರೂಪಾಯಿ ಹಿಡಿದರೂ ಆ ಕೋಣೆಯ ಬೆಲೆ 1.8 ಲಕ್ಷ. ಒಳಗಿರುವುದಕ್ಕೆ ಗುಜರಿಯಲ್ಲಿ ಎಷ್ಟು ಬಂದೀತೆಂದು ಅವರೇ ಅಂದಾಜು ಮಾಡಲಿ.

ಕಾಗದಪತ್ರದ ವಿಷಯಕ್ಕೆ ಬಂದರೆ ಉತ್ಸಾಹ ಸ್ವಲ್ಪ ತಗ್ಗಿಸಬೇಕು. ನೋಂದಣಿಯಾದ ಕ್ರಯಪತ್ರ, ಅದರ ಹಿಂದಿನ ಮೂಲಪತ್ರಗಳು, ವಿಭಾಗಪತ್ರ, ವಿಲ್ ಇವುಗಳ ಅಸಲು ಪ್ರತಿಯನ್ನು ಎಂದೂ ಬಿಸಾಡುವಂತಿಲ್ಲ. ಹಾಳೆಗೆ ರಂಧ್ರ ಹೊಡೆಯದೆ, ಲ್ಯಾಮಿನೇಶನ್ ಮಾಡಿಸದೆ ಒಂದೇ ಕಡೆ ಇಡಬೇಕು. ಮನೆಗೆ ಮೇಲಂತಸ್ತು ಕಟ್ಟಿಸಿದ ಖರ್ಚಿನ ಬಿಲ್ಲುಗಳೂ ಮನೆ ಕೈಯಲ್ಲಿರುವವರೆಗೆ ಬೇಕು. ಮುಂದೊಂದು ದಿನ ಮಾರಿದಾಗ ಲಾಭದ ಮೇಲಿನ ತೆರಿಗೆ ಲೆಕ್ಕದಲ್ಲಿ ಆ ಖರ್ಚನ್ನು ಕಳೆಯಬಹುದು. ಟಿವಿ, ಫ್ರಿಜ್ಜಿನ ವಾರಂಟಿ ಬಿಲ್ಲು ನುಣುಪು ಕಾಗದದ್ದಾದರೆ ತಂದ ದಿನವೇ ಫೋಟೊ ತೆಗೆದಿಡುವುದು ಒಳ್ಳೆಯದು. ಅದು ಶಾಖಕ್ಕೆ ಅಕ್ಷರ ಮೂಡುವ ಕಾಗದ. ಕೆಲವು ತಿಂಗಳಲ್ಲಿ ಬಿಳಿಚಿಕೊಂಡು, ರಿಪೇರಿಯವನು ಬರುವ ಹೊತ್ತಿಗೆ ಖಾಲಿ ಚೀಟಿಯಾಗಿರುತ್ತದೆ. ವಿದ್ಯುತ್ ಬಿಲ್ಲು, ಮುಗಿದ ಪಾಲಿಸಿಯ ನೆನಪೋಲೆ, ಮದುವೆ ಕಾರ್ಡುಗಳ ಕಟ್ಟು ರದ್ದಿಗೆ ಹೋಗಲಿ.

ಎಲ್ಲವನ್ನೂ ಸ್ಕ್ಯಾನ್ ಮಾಡಿ ಮೊಬೈಲಿಗೆ ಹಾಕಿಕೊಂಡರಾಯಿತಲ್ಲ ಎನ್ನುವವರು ಗಮನಿಸಬೇಕಾದ ಒಂದು ಭೇದವಿದೆ. 2015ರಲ್ಲಿ ಆರಂಭವಾದ ಡಿಜಿಲಾಕರ್‌ನಲ್ಲಿ ಇಲಾಖೆಯೇ ನೇರವಾಗಿ ಕಳಿಸಿದ ಪ್ರಮಾಣಪತ್ರಕ್ಕೆ ಅಸಲಿನ ಮಾನ್ಯತೆ ಇದೆ. ನಾವೇ ಫೋಟೊ ಹಿಡಿದು ಏರಿಸಿದ ಪ್ರತಿಗೆ ಆ ಮಾನ್ಯತೆ ಇಲ್ಲ, ಅದು ನೆರಳಚ್ಚು ಪ್ರತಿ ಮಾತ್ರ.

ಹಳೆಯ ಮನೆಯ ಅಟ್ಟದಲ್ಲಿ ಓಲೆಗರಿಯ ಕಟ್ಟೋ, ಮೋಡಿ ಅಕ್ಷರದ ಕಡತವೋ ಸಿಕ್ಕಿದರೆ ಅಲ್ಲಿಗೆ ಕೆಲಸ ನಿಲ್ಲಿಸಿ ತಿಳಿದವರಿಗೆ ತೋರಿಸಬೇಕು. ತಂಜಾವೂರು ಕಡೆಯ ಪಂಡಿತರೊಬ್ಬರು ಮೈಸೂರಿನ ಪ್ರಾಚ್ಯ ಗ್ರಂಥಾಲಯಕ್ಕೆ ತಂದುಕೊಟ್ಟ ಓಲೆಗರಿಯ ಕಟ್ಟಿನಲ್ಲೇ ಆರ್. ಶಾಮಶಾಸ್ತ್ರಿಗಳಿಗೆ 1905ರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರ ಕಂಡದ್ದು. 1909ರಲ್ಲಿ ಅದು ಅಚ್ಚಾಯಿತು. ಆ ಗ್ರಂಥಾಲಯವೇ ಇಂದಿನ ಪ್ರಾಚ್ಯವಿದ್ಯಾ ಸಂಶೋಧನಾಲಯ.

ಈಗ ಹಿತ್ತಿಲ ಬಾಗಿಲಿನ ಮಾತು. ಬೇಡವೆಂದು ಗುಡ್ಡೆ ಹಾಕಿದ್ದು ವರಾಂಡದಲ್ಲೇ ತಿಂಗಳುಗಟ್ಟಲೆ ಬಿದ್ದಿದ್ದು ಮತ್ತೆ ಒಳಗೆ ಬರುವುದು ಎಲ್ಲಿಗೆ ಕೊಡಬೇಕೆಂದು ಗೊತ್ತಿಲ್ಲದ್ದರಿಂದ. ಪೇಪರ್, ಕಬ್ಬಿಣ, ಅಲ್ಯೂಮಿನಿಯಂ ಗುಜರಿಯವನ ಪಾಲು. ಬೆಂಗಳೂರಿನಲ್ಲಿ ಒಣ ಕಸ ಸಂಗ್ರಹ ಕೇಂದ್ರಗಳಿವೆ. ಅವುಗಳಲ್ಲಿ ಹಲವನ್ನು ಹಿಂದೆ ಬೀದಿಯಲ್ಲಿ ಚಿಂದಿ ಆಯುತ್ತಿದ್ದವರೇ ನಡೆಸುತ್ತಾರೆ, ಅವರನ್ನು ಸಂಘಟಿಸಿದ ಸಂಸ್ಥೆ ಹಸಿರು ದಳ. ಹಾಳಾದ ಔಷಧ, ಟ್ಯೂಬ್‌ಲೈಟ್, ಬ್ಯಾಟರಿ, ಪೇಂಟ್ ಡಬ್ಬ ಇವನ್ನು 2016ರ ಘನತ್ಯಾಜ್ಯ ನಿಯಮಗಳು ಅಪಾಯಕಾರಿ ಗೃಹತ್ಯಾಜ್ಯದ ಸಾಲಿಗೆ ಸೇರಿಸಿದವು. ಬೇರೆಯಾಗಿ ಕಟ್ಟಿ ಕೊಡಬೇಕು, ಸಿಂಕಿಗೆ ಸುರಿಯಬಾರದು. ಹಳೇ ಮೊಬೈಲು, ಕೀಬೋರ್ಡು, ವೈರುಗಳ ಗಂಟಿಗೆ ಅಧಿಕೃತ ಇ-ತ್ಯಾಜ್ಯ ಸಂಸ್ಕರಣೆಯವರಿದ್ದಾರೆ. ದೇಶದಲ್ಲಿ ಸರ್ಕಾರದ ಅನುಮತಿ ಪಡೆದ ಇಂಥ ಮೊದಲ ಘಟಕ ಇ-ಪರಿಸರ ಆರಂಭವಾದದ್ದು 2005ರಲ್ಲಿ, ನಮ್ಮ ದಾಬಸ್‌ಪೇಟೆಯಲ್ಲೇ. ಪುಸ್ತಕಗಳಿಗೆ ಅವೆನ್ಯೂ ರಸ್ತೆಯ ಹಳೇ ಪುಸ್ತಕದ ಅಂಗಡಿಗಳಿವೆ.

ಬಟ್ಟೆ ಕೊಡುವುದರಲ್ಲಿ ಮಾತ್ರ ನಮ್ಮವರ ಉದಾರತೆಗೆ ಸ್ವಲ್ಪ ಲಗಾಮು ಬೇಕು. 2004ರ ಸುನಾಮಿಯ ನಂತರ ತಮಿಳುನಾಡಿನ ಕರಾವಳಿಗೆ ಬಂದ ಬಟ್ಟೆಯಲ್ಲಿ ಎಷ್ಟೋ ಭಾಗ ಯಾರೂ ಉಡಲಾಗದೆ ರಾಶಿ ಬಿದ್ದಿತ್ತು. ದೆಹಲಿಯ ಗೂಂಜ್ ಸಂಸ್ಥೆ ಅದನ್ನು ಆರಿಸಿ, ತೊಳೆದು, ಬಟ್ಟೆಯ ಸ್ಯಾನಿಟರಿ ಪ್ಯಾಡುಗಳವರೆಗೆ ಬಳಕೆಗೆ ತಂದಿತು. ಗುಂಡಿ ಕಿತ್ತ ಅಂಗಿ, ಜಿಪ್ಪು ಹೋದ ಪ್ಯಾಂಟನ್ನು ಬಡವರ ಹೆಸರಿನಲ್ಲಿ ಸಾಗಹಾಕುವುದು ನಮ್ಮ ಕಸವನ್ನು ಇನ್ನೊಬ್ಬರ ಅಂಗಳಕ್ಕೆ ತಳ್ಳುವ ಕೆಲಸ. ಮನೆಗೆಲಸದವರಿಗೆ ಕೊಡುವಾಗಲೂ "ಇದು ನಿಮಗೆ ಬೇಕಾ?" ಎಂದು ಕೇಳಿ, ಬೇಡ ಎನ್ನಲು ಅವರಿಗೆ ಅವಕಾಶ ಬಿಡಬೇಕು.

ಕೂಡಿಡುವುದೆಲ್ಲ ರೋಗವಲ್ಲ. ಆದರೆ ಹಾಸಿಗೆಯ ಮೇಲೂ ಸಾಮಾನು ಏರಿ ಮಲಗಲು ಜಾಗವಿಲ್ಲದಾದರೆ, ಹಳೇ ಪೇಪರ್ ಮುಟ್ಟಿದರೂ ವ್ಯಕ್ತಿ ನಡುಗುವಂತಾದರೆ, ಅದಕ್ಕೆ ಬೈಗುಳ ಮದ್ದಲ್ಲ. ಅಮೆರಿಕದ ಮನೋವೈದ್ಯರ ಕೈಪಿಡಿ 2013ರಲ್ಲಿ ಇದನ್ನು ಪ್ರತ್ಯೇಕ ಕಾಯಿಲೆಯೆಂದು ಗುರುತಿಸಿತು. ಗೀಳು ಮನೋರೋಗಗಳಿಗೆಂದೇ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವಿಶೇಷ ಕ್ಲಿನಿಕ್ ಇದೆ, ಅಲ್ಲಿ ಕೇಳಬಹುದು. ಮನೆಯವರು ಹೇಳದೆ ಕೇಳದೆ ಎಲ್ಲವನ್ನೂ ಲಾರಿಗೆ ತುಂಬಿ ಕಳಿಸಿದರೆ ಸ್ಥಿತಿ ಬಿಗಡಾಯಿಸುವುದೇ ಹೆಚ್ಚು. ಇನ್ನೊಂದು ತುದಿಯ ಉದಾಹರಣೆ ಮಂಡ್ಯ ಜಿಲ್ಲೆಯ ಪಾಂಡವಪುರ ತಾಲ್ಲೂಕಿನ ಹರಳಹಳ್ಳಿಯಲ್ಲಿದೆ. ಬಸ್ ಕಂಡಕ್ಟರ್ ಆಗಿ, ಆಮೇಲೆ ಸಕ್ಕರೆ ಕಾರ್ಖಾನೆಯಲ್ಲಿ ದುಡಿದ ಅಂಕೇಗೌಡರು ಸಂಬಳದ ಬಹುಪಾಲನ್ನು ಸುರಿದು ಲಕ್ಷಾಂತರ ಪುಸ್ತಕ ಕೂಡಿಹಾಕಿದರು. ಯಾವ ಅಚ್ಚುಕಟ್ಟಿನ ತಜ್ಞರೂ ಒಪ್ಪದ ಗಾತ್ರದ ರಾಶಿ ಅದು; ಆದರೆ ಬಾಗಿಲು ಎಲ್ಲರಿಗೂ ತೆರೆದಿದೆ, ವಿದ್ಯಾರ್ಥಿಗಳೂ ಸಂಶೋಧಕರೂ ಹೋಗಿ ಓದುತ್ತಾರೆ.

ವಯಸ್ಸಾದವರ ಸಾಮಾನು ಅವರೇ ಇರುವಾಗ ಹಂಚಿಕೆಯಾಗುವುದು ಒಳ್ಳೆಯದು. ಸ್ವೀಡನ್ನಿನ ಮಾರ್ಗರೆಟಾ ಮ್ಯಾಗ್ನುಸನ್ 2017ರಲ್ಲಿ ಇದನ್ನೇ ಕುರಿತು ಪುಸ್ತಕ ಬರೆದು ಹೆಸರಾದರು. ನಮ್ಮಲ್ಲಿ ಸಾವಿನ ಮಾತೆತ್ತಿದರೆ "ಬಿಡ್ತು ಅನ್ನು" ಎನ್ನುತ್ತಾರೆ, ಹಾಗಾಗಿ ಬೇರೆ ತುದಿಯಿಂದ ಹಿಡಿಯಬೇಕು. ಅಜ್ಜಿಯ ಟ್ರಂಕಿನ ಎದುರು ಕೂತು, ಇದು ಯಾರದ್ದು, ಯಾರಿಗೆ ಹೋಗಬೇಕು ಎಂದು ಕೇಳಿದರೆ ಅವರೇ ಹೇಳುತ್ತಾ ಹೋಗುತ್ತಾರೆ. ಮೊದಲು ಆಗಬೇಕಾದದ್ದು ಫೋಟೊಗಳ ಕೆಲಸ. ಅಂಟು ಹಾಳೆಯ ಆಲ್ಬಮ್ಮುಗಳಲ್ಲಿ ಇರುವುದನ್ನು ಬಿಡಿಸಬೇಕು, ಆ ಅಂಟು ವರ್ಷ ಕಳೆದಂತೆ ಚಿತ್ರವನ್ನು ಹಳದಿ ಮಾಡುತ್ತದೆ. ಬಾರದಿದ್ದರೆ ಎಳೆಯಬಾರದು, ಇದ್ದಂತೆಯೇ ಮೊಬೈಲಿನಲ್ಲಿ ಪ್ರತಿ ತೆಗೆದುಕೊಳ್ಳಬೇಕು. ಗುಂಪಿನಲ್ಲಿ ನಿಂತವರ ಹೆಸರು, ಊರು, ಮದುವೆಯೋ ಮುಂಜಿಯೋ ಎಂಬುದನ್ನು ಅಜ್ಜಿ ಹೇಳಿದ ಹಾಗೆ ಹಿಂಬದಿಯ ಅಂಚಿನಲ್ಲಿ ಮೆತ್ತನೆಯ ಪೆನ್ಸಿಲಿನಿಂದ ಬರೆಯಬೇಕು, ಬಾಲ್ ಪೆನ್ ಒತ್ತಿದರೆ ಗುರುತು ಮುಂಬದಿಗೆ ಮೂಡುತ್ತದೆ. ಕಣ್ಣು ಮುಚ್ಚಿ ತೆರೆಯುವ ನಡುವೆ ಸಿಕ್ಕಿಬಿದ್ದ, ಒಂದೇ ಗುಂಪಿನ ನಾಲ್ಕು ಪ್ರತಿಗಳಲ್ಲಿ ಮೂರನ್ನು ತೆಗೆದುಹಾಕಲು ಅಜ್ಜಿಯೂ ಬೇಡವೆನ್ನಲಾರರು.